ಹಲ್ಲು ನೋಡಿ ಎತ್ತು ಕೊಳ್ಳುವವರು ಟಿಪ್ ನಂಬಿ ಕುದುರೆಗೆ ಕಟ್ಟುವುದೇ?

(ಅತನೂರದಿಂದ ಬೆಂಗಳೂರಿಗೆ ದುಡಿಯಲು ಬಂದ ಯುವಕರ ಮುಂದೆ ಆಡಿದ ಮಾತಿನ ಬರಹರೂಪ)



ಇವತ್ತು ನಾನು ಮಾತಾಡಲು ಹೊರಟಿರುವುದು ಕುದುರೆ ರೇಸಿನ ಬಗ್ಗೆ. ಹುಬ್ಬೇರಿಸಬೇಡಿ. ರೇಸಿಗೆ ಹೋಗಬೇಡಿ ಎಂದು ಉಪದೇಶ ಮಾಡುವವರು ಬೇಕಾದಷ್ಟಿದ್ದಾರೆ. ನನ್ನ ಮಾತು ಬೇರೆ. ಓದಲು ಬಾರದ ಕಾಗದದ ಮೇಲೆ ದುಡ್ಡು ಕಟ್ಟಬೇಡಿ. ಮೊದಲು ಓದಲು ಕಲಿಯಿರಿ. ಕಲಿತ ಮೇಲೆ ಕಟ್ಟಬೇಕೋ ಬೇಡವೋ ಎನ್ನುವುದು ನಿಮಗೇ ಗೊತ್ತಾಗುತ್ತದೆ.

ನಮ್ಮ ಅತನೂರ ಸೀಮೆಯ ರೈತ ಜಾತ್ರೆಯಲ್ಲಿ ಎತ್ತು ಕೊಳ್ಳುವುದನ್ನು ನೀವೆಲ್ಲ ನೋಡಿದ್ದೀರಿ. ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ. ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದೆಯೋ? ಗೊರಸು ನೋಡುತ್ತಾನೆ, ಹೆಗಲು ಸವರುತ್ತಾನೆ, ಹತ್ತು ಹೆಜ್ಜೆ ನಡೆಸಿ ನೋಡುತ್ತಾನೆ. ದಲ್ಲಾಳಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಎಷ್ಟೇ ಹೊಗಳಲಿ, ತನ್ನ ಕಣ್ಣಿಗೆ ಒಪ್ಪದೆ ಒಂದು ರೂಪಾಯಿ ಬಿಚ್ಚುವುದಿಲ್ಲ. ಅದೇ ರೈತನ ಮಗ ಬೆಂಗಳೂರಿಗೆ ಬಂದು, ವಾರದ ಕೂಲಿಯನ್ನು ಜೇಬಿನಲ್ಲಿಟ್ಟುಕೊಂಡು, ಗೇಟಿನ ಬಳಿ ಯಾರೋ ಕಿವಿಯಲ್ಲಿ ಉಸುರಿದ "ಮೂರನೇ ರೇಸು, ಐದನೇ ನಂಬರು" ಎಂಬ ಮಾತಿಗೆ ಪೂರ್ತಿ ಸುರಿದುಬಿಡುತ್ತಾನೆ! ಯಾಕೆ? ರೇಸಿನ ಪುಸ್ತಕ ಇಂಗ್ಲಿಷಿನಲ್ಲಿ, ಅದೂ ಅರ್ಧರ್ಧ ಅಕ್ಷರಗಳಲ್ಲಿ ಇದೆ. ಬಿಡಿಸಿ ಹೇಳುವವರು ಕಡಿಮೆ. ಓದಲಾಗದವನಿಗೆ ಉಳಿಯುವುದು ಟಿಪ್ ಒಂದೇ.

ಕುದುರೆಯ ಲಕ್ಷಣ ಅಳೆಯುವುದು ನಮಗೆ ಹೊಸದೇನಲ್ಲ. ನಮ್ಮದೇ ಸೀಮೆಯ ಕಲ್ಯಾಣದಿಂದ ಆಳಿದ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ 'ಮಾನಸೋಲ್ಲಾಸ'ದಲ್ಲಿ ಕುದುರೆಗಳ ಬಗ್ಗೆ ಬರೆದಿಟ್ಟ. ಹಾಗಾದರೆ ಈ ಪುಸ್ತಕವನ್ನೂ ಬಿಡಿಸೋಣ.

ಮೊದಲನೆಯದು, ಹಿಂದಿನ ಓಟಗಳು. ಕುದುರೆ ಹಿಂದೆ ಎಷ್ಟನೇ ಸ್ಥಾನಕ್ಕೆ ಬಂತು ಎಂಬ ಅಂಕಿ ಅಲ್ಲಿರುತ್ತದೆ. ಬರೀ ಅಂಕಿ ನೋಡಿ ಮೋಸ ಹೋಗಬೇಡಿ. ಎಷ್ಟು ಅಂತರದಿಂದ ಸೋತಿತು? ಯಾವ ದೂರದಲ್ಲಿ? ಯಾರ ಎದುರು? ಒಳ್ಳೆಯ ಕುದುರೆಗಳ ನಡುವೆ ನಾಲ್ಕನೆಯದಾಗಿ ಬಂದದ್ದು, ಸಪ್ಪೆ ಗುಂಪಿನಲ್ಲಿ ಗೆದ್ದದ್ದಕ್ಕಿಂತ ಮೇಲಿರಬಹುದು. 1200 ಮೀಟರಿನಲ್ಲಿ ಚಿಮ್ಮುವ ಕುದುರೆ 2000 ಮೀಟರಿನಲ್ಲಿ ಉಸಿರು ಕಟ್ಟಿ ನಿಲ್ಲಬಹುದು.

ಎರಡನೆಯದು, ಭಾರ. ಇದೇ ರೇಸಿನ ಹೃದಯ. ಪ್ರತಿ ಕುದುರೆಗೂ ಅದರ ಯೋಗ್ಯತೆ ಅಳೆದು ಒಂದು ರೇಟಿಂಗ್ ಕೊಡುತ್ತಾರೆ. ರೇಟಿಂಗ್ ಪ್ರಕಾರ ದರ್ಜೆ. 20ರಿಂದ 45 ನಾಲ್ಕನೇ ದರ್ಜೆ, 40ರಿಂದ 65 ಮೂರನೇ ದರ್ಜೆ, ಹೀಗೆ. ರೇಟಿಂಗಿನ ಒಂದು ಅಂಕಕ್ಕೆ ಬೆನ್ನ ಮೇಲೆ ಅರ್ಧ ಕಿಲೋ. ಗೆದ್ದ ಕುದುರೆಯ ರೇಟಿಂಗ್ ಏರುತ್ತದೆ, ಮುಂದಿನ ಸಲ ಭಾರವೂ ಏರುತ್ತದೆ. ಇದಕ್ಕೇ ಹ್ಯಾಂಡಿಕ್ಯಾಪ್ ಎನ್ನುತ್ತಾರೆ.

ಒಂದು ಲೆಕ್ಕ ನೋಡಿ. 1200 ಮೀಟರ್ ಓಟದಲ್ಲಿ 'ಅ' ಮತ್ತು 'ಬ' ಎರಡೂ 54 ಕಿಲೋ ಹೊತ್ತು ಓಡಿದವು. 'ಅ' ಎರಡು ಕುದುರೆಯುದ್ದ ಮುಂದೆ ಬಂದು ಗೆದ್ದಿತು. ರೇಟಿಂಗ್ 34ರಿಂದ 40ಕ್ಕೆ ಏರಿತು. ಆರು ಅಂಕ ಎಂದರೆ ಮೂರು ಕಿಲೋ. ಈಗ 'ಅ' 57 ಹೊರಬೇಕು, 'ಬ' ಅದೇ 54. ಅಷ್ಟು ದೂರದ ಓಟದಲ್ಲಿ ಸುಮಾರು ಒಂದೂವರೆ ಕಿಲೋ ಒಂದು ಕುದುರೆಯುದ್ದಕ್ಕೆ ಸಮ ಎಂದು ಬಲ್ಲವರ ಅಂದಾಜು. ಅಂದರೆ ಕಾಗದದ ಮೇಲೆ ಎರಡೂ ಸಮಸಮ! "ಹೋದ ಸಲ ಗೆದ್ದಿದೆ ಗುರೂ" ಎನ್ನುವವನಿಗೆ ಈ ಲೆಕ್ಕ ಗೊತ್ತಿಲ್ಲ.

ಮೂರನೆಯದು, ನೆಲ. ಬೆಂಗಳೂರಿನ ಬೇಸಿಗೆ ಸೀಸನ್ ಮಳೆಗಾಲದೊಳಕ್ಕೂ ಚಾಚಿಕೊಳ್ಳುತ್ತದೆ. ನೆಲ ಎಷ್ಟು ಮೆತ್ತಗಿದೆ ಎಂದು ಪೆನೆಟ್ರೋಮೀಟರ್ ಎಂಬ ಸಲಕರಣೆ ಚುಚ್ಚಿ ಅಳೆಯುತ್ತಾರೆ. ಅಂಕಿ ಹೆಚ್ಚಿದಷ್ಟೂ ನೆಲ ಮೆತ್ತಗೆ. ಗಟ್ಟಿ ನೆಲದಲ್ಲಿ ಹಾರುವ ಕುದುರೆ ಕೆಸರಿನಲ್ಲಿ ಕಾಲೆಳೆಯಬಹುದು. ಎರೆ ಹೊಲದಲ್ಲಿ ಮಳೆಯಾದ ಮೇಲೆ ಎತ್ತು ಹೂಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ನಾಲ್ಕನೆಯದು, ಬೆಳಗಿನ ಕಸರತ್ತು. ಪತ್ರಿಕೆಗಳಲ್ಲಿ 600 ಮೀಟರ್ ಇಷ್ಟು ಸೆಕೆಂಡು ಎಂದು ಬರುತ್ತದೆ. ಸಮಯದ ಪಕ್ಕದಲ್ಲಿರುವ ಮಾತನ್ನೂ ಓದಿ. ಸಲೀಸಾಗಿ 40 ಸೆಕೆಂಡಿನಲ್ಲಿ ಬಂದ ಕುದುರೆ, ಒತ್ತಾಯಿಸಿ 39ರಲ್ಲಿ ಓಡಿಸಿದ ಕುದುರೆಗಿಂತ ಚೆನ್ನಾಗಿರಬಹುದು. ಜಾಕಿ ಯಾರು, ತರಬೇತುದಾರ ಯಾರು, ತಿಂಗಳುಗಟ್ಟಲೆ ಬಿಡುವಿನ ಮೇಲೆ ಬರುತ್ತಿದೆಯೇ, ಇದೂ ಕೂಡಿಸಿ.

ಇಷ್ಟು ಓದಿದರೆ ಗೆಲುವು ಖಾತ್ರಿಯೇ? ಇಲ್ಲ! 1996ರಲ್ಲಿ ಸುಪ್ರೀಂ ಕೋರ್ಟು ಮದರಾಸಿನ ಮೊಕದ್ದಮೆಯಲ್ಲಿ, ಕುದುರೆ ಪಂದ್ಯ ಮುಖ್ಯವಾಗಿ ಕೌಶಲದ ಆಟ ಎಂದು ತೀರ್ಪು ಕೊಟ್ಟಿತು. ಕೌಶಲ ಇದ್ದವನು ಗೆದ್ದೇ ಗೆಲ್ಲುತ್ತಾನೆ ಎಂದು ಅದು ಹೇಳಲಿಲ್ಲ. ಎಲ್ಲರೂ ಮೆಚ್ಚಿದ ಫೇವರಿಟ್ ಕುದುರೆಯೂ ಜಗತ್ತಿನ ಬಹಳ ಕಡೆ ಗೆಲ್ಲುವುದು ಸುಮಾರು ಮೂರರಲ್ಲಿ ಒಂದು ಸಲ.

ಅದಕ್ಕಿಂತ ದೊಡ್ಡ ಗೋಡೆ ಬೆಲೆಯದು. ನಾಲ್ಕು ಕುದುರೆ ಓಡುತ್ತಿವೆ ಎನ್ನಿ. ಬುಕ್ಕಿ ಕೊಡುವ ದರ ಒಂದಕ್ಕೆ ಒಂದೂವರೆ, ಎರಡು, ಮೂರು, ನಾಲ್ಕು. ಯಾವುದೇ ಗೆಲ್ಲಲಿ, ಕೈಗೆ 100 ರೂಪಾಯಿ ಬರಬೇಕಾದರೆ ಒಂದೊಂದರ ಮೇಲೆ 40, 33, 25, 20 ರೂಪಾಯಿ ಕಟ್ಟಬೇಕು. ಒಟ್ಟು 118! ಆ 18 ಅವನ ಪಾಲು. ಜೊತೆಗೆ ಸರಕಾರ. 2023ರ ಅಕ್ಟೋಬರಿನಿಂದ ಪಂದ್ಯದ ಪೂರ್ತಿ ಮೊತ್ತದ ಮೇಲೆ ಶೇ 28 ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಶೇ 40. ಗೆದ್ದ ಹಣ 10,000 ರೂಪಾಯಿ ದಾಟಿದರೆ ಶೇ 30 ಆದಾಯ ತೆರಿಗೆ ಅಲ್ಲೇ ಮುರಿಯುತ್ತಾರೆ. ಕುದುರೆಯನ್ನು ಸೋಲಿಸಿದರೆ ಸಾಲದು, ಈ ಲೆಕ್ಕವನ್ನೂ ಸೋಲಿಸಬೇಕು. ಇನ್ನು ಓಣಿಯ ಬುಕ್ಕಿಯ ಬಳಿ ಕಟ್ಟುವುದಂತೂ ಕಾನೂನಿನ ಹೊರಗಿನ ವ್ಯವಹಾರ. ಅವನು ಕೈ ಎತ್ತಿದರೆ ಯಾರ ಬಳಿ ದೂರುತ್ತೀರಿ?

ಒಂದು ಪ್ರಶ್ನೆ ಕೇಳಿಕೊಳ್ಳಿ. ಟಿಪ್ ಮಾರುವವನಿಗೆ ಗೆಲ್ಲುವ ಕುದುರೆ ನಿಜವಾಗಿ ಗೊತ್ತಿದ್ದರೆ ಅದನ್ನು ನಿಮಗೆ ಯಾಕೆ ಮಾರುತ್ತಾನೆ? ತಾನೇ ಕಟ್ಟುತ್ತಿದ್ದನಲ್ಲ! ನೀವು ಗೆದ್ದರೂ ಸೋತರೂ ಅವನ ಕಾಸು ಅವನಿಗೆ ಬಂದೇ ಬರುತ್ತದೆ.

ಅದಕ್ಕೇ ನಿಮಗೊಂದು ಕೆಲಸ ಹೇಳುತ್ತೇನೆ. ಎರಡು ಗೆರೆ ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ಸೀಸನ್ ಪೂರ್ತಿ, ಪ್ರತಿ ಓಟಕ್ಕೂ ಮುಂಚೆ ನಿಮ್ಮ ಆಯ್ಕೆ, ಅದಕ್ಕೆ ಕಾರಣ, ಆ ಹೊತ್ತಿನ ದರ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ದುಡ್ಡು ಕಟ್ಟಬೇಡಿ. ಓಟ ಮುಗಿದ ಮೇಲೆ ಸುಳ್ಳು ಬೆರೆಸದೆ ಕೂಡಿ ಕಳೆಯಿರಿ. ಕುದುರೆಯ ಓಟ ಓದುವ ಸಂತೋಷ ಪೂರ್ತಿ ಸಿಗುತ್ತದೆ, ಕೂಲಿಯೂ ಜೇಬಿನಲ್ಲಿ ಉಳಿಯುತ್ತದೆ. ಕೊನೆಯ ಪುಟದ ಮೊತ್ತ ನೋಡಿದ ಮೇಲೆ ಕಟ್ಟುವುದೋ ಬಿಡುವುದೋ ನೀವೇ ನಿರ್ಧರಿಸಿ. ಊರಿನಲ್ಲಿ ಬಿತ್ತನೆಗೆ ನಿಮ್ಮ ಹಣಕ್ಕಾಗಿ ಕಾದಿರುವ ಅಪ್ಪನಿಗೆ ಆ ನೋಟ್‌ಬುಕ್ ತೋರಿಸಲು ನಾಚಿಕೆಯಾಗದಂತೆ ನಿರ್ಧರಿಸಿ.