ಆಚೆ ದಂಡೆಯ ಪ್ರಶ್ನೆ
(ಶತಮಾನೋತ್ಸವದ ಅಂಗವಾಗಿ ಶಾಲಾ ಸಭಾಂಗಣದಲ್ಲಿ ನಡೆದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಶತಮಾನೋತ್ಸವ ನಿಧಿಯಿಂದ ನಮ್ಮ ಶಾಲೆಯ ಏಳು ತರಗತಿಗಳಿಗೂ ಗೋಡೆಗೆ ತೂಗುಹಾಕುವ ವಿದ್ಯುತ್ ಫಲಕಗಳನ್ನು, ಎಂದರೆ ನೀವೆಲ್ಲ ಸ್ಮಾರ್ಟ್ ಬೋರ್ಡ್ ಎಂದು ಕರೆಯುವ ವಸ್ತುವನ್ನು, ಕೊಳ್ಳಬೇಕೆಂಬ ಸಲಹೆಯೊಂದು ಸಮಿತಿಯ ಮುಂದಿದೆ. ಆ ಕುರಿತು ನಾಲ್ಕು ಮಾತು ಹೇಳಬೇಕೆಂದು ಪೂಜ್ಯ ಗುರುಗಳು ನನಗೆ ಅಪ್ಪಣೆ ಮಾಡಿದ್ದಾರೆ. ಜೀವಮಾನವೆಲ್ಲ ಸೀಮೆಸುಣ್ಣದ ಧೂಳು ಕುಡಿದ ಮುದಿ ಅಧ್ಯಾಪಕನ ಬಾಯಿಂದ ಯಂತ್ರನಿಂದೆಯನ್ನು ಕೇಳಬೇಕಾದೀತೆಂದು ಕೆಲವರು ಈಗಾಗಲೇ ಸಿದ್ಧರಾಗಿ ಕುಳಿತಿರಬಹುದು. ಅವರಿಗೆ ನಿರಾಶೆಯಾಗುತ್ತದೆ. ತರಗತಿಯೊಳಗೆ ಯಂತ್ರ ಬಂದಾಗ ಮಕ್ಕಳ ಮುಖದಲ್ಲಿ ಮೂಡುವ ಬೆಳಕನ್ನು ನಾನು ಐವತ್ತು ವರ್ಷಗಳ ಹಿಂದೆಯೇ ಕಂಡವನು.

1975ರಲ್ಲಿ ನಾನು ರಾಯಚೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಹೊಸ ಅಧ್ಯಾಪಕನಾಗಿದ್ದೆ. ಆ ವರ್ಷದ ಆಗಸ್ಟ್ 1ರಂದು ನಮ್ಮ ದೇಶದಲ್ಲಿ ಒಂದು ಮಹತ್ತರವಾದ ಪ್ರಯೋಗ ಆರಂಭವಾಯಿತು. ಅಮೆರಿಕದ ನಾಸಾ ಸಂಸ್ಥೆಯ ಎ.ಟಿ.ಎಸ್.-6 ಎಂಬ ಕೃತಕ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, ನಮ್ಮ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವನ್ನು ಆಕಾಶದಿಂದ ನೇರವಾಗಿ ಇಳಿಸಿತು. ಕರ್ನಾಟಕದಲ್ಲಿ ಆ ಭಾಗ್ಯ ದೊರೆತದ್ದು ಬೆಂಗಳೂರಿಗಲ್ಲ, ಮೈಸೂರಿಗಲ್ಲ. ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳಿಗೆ. ಹಿಂದುಳಿದವರೆನಿಸಿಕೊಂಡವರಿಗೆ ಹೊಸದು ಮೊದಲು ಮುಟ್ಟಿದ ಇಂಥ ಸಂದರ್ಭ ನಮ್ಮ ನಾಡಿನ ಚರಿತ್ರೆಯಲ್ಲಿ ಹೆಚ್ಚಿಲ್ಲ. ಕೋಳಿಗೂಡಿಗೆ ಬಿಗಿಯುವಂಥ ತಂತಿಬಲೆಯಿಂದ ಮಾಡಿದ, ಹತ್ತು ಅಡಿ ಅಗಲದ ದೊಡ್ಡ ಬೋಗುಣಿಯೊಂದು ಪಶ್ಚಿಮದ ಆಕಾಶಕ್ಕೆ ಮುಖಮಾಡಿ ನಿಂತಿತು. ಊರಿನ ಹಿರಿಯರು ಅದನ್ನು ಸುತ್ತಿ ಸುತ್ತಿ ನೋಡಿದರು.

ಬೆಳಿಗ್ಗೆ ಒಂದೂವರೆ ಗಂಟೆ ಶಾಲಾ ಪ್ರಸಾರವಿತ್ತು. ಅದನ್ನು ನಾಲ್ಕು ಭಾಷೆಗಳು ಹಂಚಿಕೊಳ್ಳಬೇಕಾಗಿದ್ದರಿಂದ ಕನ್ನಡದ ಪಾಲಿಗೆ ಅರ್ಧ ಗಂಟೆಯೂ ಬರುತ್ತಿರಲಿಲ್ಲ. ಒಂದು ದಿನ ಆ ತೆರೆಯ ಮೇಲೆ ಸಮುದ್ರ ಕಾಣಿಸಿತು. ನಮ್ಮ ಮಕ್ಕಳು ಕೃಷ್ಣೆಯನ್ನು ಕಂಡವರೇ ಹೊರತು ಕಡಲನ್ನು ಕಂಡವರಲ್ಲ. ಉಸಿರು ಬಿಗಿಹಿಡಿದು ನೋಡುತ್ತಿದ್ದ ಮಕ್ಕಳ ನಡುವಿನಿಂದ ಹುಡುಗನೊಬ್ಬ ಎದ್ದು, "ಸರ್ರೀ, ಇದರ ಆಚಿ ದಂಡಿ ಎಲ್ಲೈತ್ರಿ?" ಎಂದು ಕೇಳಿದ. ಅವನು ಕೇಳಿದ್ದು ನನ್ನನ್ನಲ್ಲ, ಪೆಟ್ಟಿಗೆಯನ್ನು. ಪೆಟ್ಟಿಗೆಯಾದರೋ ಅಷ್ಟರಲ್ಲಿ ಮೀನುಗಾರರ ದೋಣಿಗಳ ವಿಷಯಕ್ಕೆ ಹೋಗಿಬಿಟ್ಟಿತ್ತು. ಹುಡುಗ ಸ್ವಲ್ಪ ಹೊತ್ತು ನಿಂತೇ ಇದ್ದು, ನಾಚಿಕೊಂಡು ಕುಳಿತ.

ಪ್ರಸಾರ ಮುಗಿದ ಮೇಲೆ ಅವನನ್ನು ಕರೆದೆ. ಹುಟ್ಟಿದಂದಿನಿಂದ ನೀರೆಂದರೆ ಎರಡು ದಂಡೆಗಳ ನಡುವಿನ ವಸ್ತುವೆಂದು ತಿಳಿದ ಮಗುವಿಗೆ, ಒಂದೇ ದಂಡೆಯ ನೀರು ಎಂಥ ಸಮಸ್ಯೆ ಎಂಬುದು ಅಂದು ನನಗೆ ಹೊಳೆಯಿತು. ಕರಿಹಲಗೆಯ ಮೇಲೆ ನಮ್ಮ ಪಶ್ಚಿಮದ ಕರಾವಳಿಯನ್ನು ಬರೆದೆ. ಆಚೆಗೆ ಅರಬ್ಬೀ ದೇಶವನ್ನು, ಆಫ್ರಿಕವನ್ನು ಬರೆದೆ. ಭೂಮಿ ದುಂಡಗಿರುವುದರಿಂದ ಆಚೆ ದಂಡೆ ಕಣ್ಣಿಗೆ ಬೀಳದೆಂದು ತಿಳಿಸಲು, ಕುಂಬಳಕಾಯಿಯೊಂದನ್ನು ತರಿಸಿ ಅದರ ಮೇಲೆ ಇರುವೆಯನ್ನು ಬಿಟ್ಟೆ. ಆ ದಿನದ ಪಾಠ ಯಾರದು? ಸಮುದ್ರವನ್ನು ತಂದದ್ದು ಉಪಗ್ರಹ. ಅದಿಲ್ಲದೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಉತ್ತರಕ್ಕೆ ಮಾತ್ರ ಪಕ್ಕದಲ್ಲಿ ಒಬ್ಬ ಮನುಷ್ಯ ಬೇಕಾಯಿತು.

ಆ ಪ್ರಯೋಗವನ್ನು ರೂಪಿಸಿದವರಿಗೆ ಈ ಗುಟ್ಟು ತಿಳಿದಿತ್ತೆಂದು ನನ್ನ ನಂಬಿಕೆ. ಏಕೆಂದರೆ ಪ್ರಾಥಮಿಕ ಶಾಲೆಗಳ ಸಾವಿರಾರು ಅಧ್ಯಾಪಕರಿಗೆ ವಿಜ್ಞಾನ ಬೋಧನೆಯ ತರಬೇತಿಯನ್ನು ಅದೇ ಉಪಗ್ರಹದ ಮೂಲಕ ಕೊಟ್ಟಾಗ, ಅವರು ಕೇವಲ ತೆರೆಯನ್ನು ನಂಬಲಿಲ್ಲ. ದೂರದರ್ಶನದೊಂದಿಗೆ ಆಕಾಶವಾಣಿಯ ಪಾಠ, ಅಚ್ಚಾದ ಕೈಪಿಡಿ, ಕೈಯಾರೆ ಮಾಡುವ ಪ್ರಯೋಗ, ಕೊನೆಗೆ ಗುಂಪಿನಲ್ಲಿ ಚರ್ಚೆ, ಇಷ್ಟನ್ನೂ ಜೋಡಿಸಿದ್ದರು. 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಉಪಗ್ರಹ ಹೊರಟುಹೋಯಿತು. ಮುಂದಿನ ವರ್ಷ ಗುಲ್ಬರ್ಗಕ್ಕೆ ದೂರದರ್ಶನದ ಪ್ರಸಾರ ಬಂತಾದರೂ ನಮ್ಮ ಹಳ್ಳಿಯ ಬೋಗುಣಿ ಬಳ್ಳಿ ಹಬ್ಬಿಸಲು ಒದಗಿತು.

ಅನಂತರದ ಕಥೆಯನ್ನು ನೀವೂ ಬಲ್ಲಿರಿ. 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಪಾಠಗಳು ಬಂದವು. 2010ರಲ್ಲಿ ಅದರ ಸೇವೆಯೂ ಮುಗಿಯಿತು. 2017ರಲ್ಲಿ ದೀಕ್ಷಾ ಬಂದಿತು. ಪಠ್ಯಪುಸ್ತಕದ ಅಂಚಿನಲ್ಲಿ ಚೌಕಾಕಾರದ ಗುರುತೊಂದು ಮೂಡಿತು. ಯಂತ್ರಗಳಿಗೆ ಆಯುಷ್ಯ ಕಡಿಮೆ. ಏಳು ಫಲಕಗಳನ್ನು ಕೊಳ್ಳುವಾಗ ಅವುಗಳ ದುರಸ್ತಿಯ ಹಣವನ್ನೂ ಎತ್ತಿಡಬೇಕೆಂಬುದನ್ನು ಸಮಿತಿಯವರು ಮರೆಯಬಾರದು.

ಇನ್ನು ನನ್ನದೇ ಒಂದು ತಪ್ಪನ್ನು ಈ ಸಭೆಯಲ್ಲಿ ಒಪ್ಪಿಕೊಳ್ಳಬೇಕಾಗಿದೆ. 2020ರ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದವು. ನಿವೃತ್ತನಾಗಿದ್ದರೂ ಮೇಲಿನ ತರಗತಿಗಳಿಗೆ ಗಣಿತ ಹೇಳಿಕೊಡಲು ನಾನು ಮುಂದಾದೆ. ಮೊಮ್ಮಗಳ ಸಹಾಯದಿಂದ ಪಾಠಗಳನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ವಾಟ್ಸಾಪ್ ಗುಂಪಿಗೆ ಕಳುಹಿಸುತ್ತಿದ್ದೆ. ಹನ್ನೆರಡರೊಳಗೆ ಉತ್ತರ ಬರಬೇಕೆಂದು ವಿಧಿಸಿದ್ದೆ. ಇಬ್ಬರು ಅಣ್ಣತಂಗಿಯರಿಂದ ಒಂದು ದಿನವೂ ಉತ್ತರ ಬರಲಿಲ್ಲ. ಸೋಮಾರಿಗಳೆಂದು ಬಗೆದೆ, ಗುಂಪಿನಲ್ಲಿಯೇ ನಾಲ್ಕು ಬಿರುಸು ಮಾತು ಬರೆದೆ. ಎಂಟು ವಾರಗಳಾದ ಮೇಲೆ ಅವರ ಮನೆಗೆ ಹೋದಾಗ ನಿಜ ತಿಳಿಯಿತು. ಆ ಮನೆಯಲ್ಲಿದ್ದುದು ಒಂದೇ ಮೊಬೈಲು. ಗಾರೆ ಕೆಲಸದ ತಂದೆ ಅದನ್ನು ಬೆಳಿಗ್ಗೆ ಏಳಕ್ಕೆ ಜೇಬಿನಲ್ಲಿಟ್ಟುಕೊಂಡು ಹೋದರೆ ಮರಳುತ್ತಿದ್ದುದು ರಾತ್ರಿಯೇ. ನನ್ನ ಬಿರುಸು ಮಾತುಗಳನ್ನು ಆ ತಂದೆ ಕೆಲಸದ ಸ್ಥಳದಲ್ಲಿ ನಿಂತು ಓದಿದ್ದರಂತೆ. ಹುಡುಗ ಅಷ್ಟರಲ್ಲಿ ಗ್ಯಾರೇಜಿಗೆ ಸೇರಿಯಾಗಿತ್ತು.

ಅದೇ ಆಗಸ್ಟ್‌ನಲ್ಲಿ ನಮ್ಮ ಸರ್ಕಾರ ವಿದ್ಯಾಗಮ ಎಂಬ ಯೋಜನೆಯನ್ನು ತಂದು, ಅಧ್ಯಾಪಕರೇ ಮಕ್ಕಳಿರುವಲ್ಲಿಗೆ ಹೋಗಿ ಮರದ ನೆರಳಿನಲ್ಲಿ, ದೇವಸ್ಥಾನದ ಜಗಲಿಯಲ್ಲಿ ಪಾಠ ಹೇಳುವಂತೆ ಮಾಡಿತು. ರೋಗಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಆದರೆ ಮೊಬೈಲು ಇಲ್ಲದವರು, ಮೊಬೈಲಿದ್ದೂ ಅಂತರ್ಜಾಲ ಇಲ್ಲದವರು, ಎರಡೂ ಇರುವವರು ಎಂದು ಮಕ್ಕಳನ್ನು ಮೊದಲು ಎಣಿಸಿ ಗುಂಪು ಮಾಡಬೇಕೆಂಬ ಬುದ್ಧಿ ಅದರಲ್ಲಿತ್ತು. ನಾನು ಎಣಿಸಿರಲಿಲ್ಲ. ತಂಗಿಗೆ ಆಮೇಲೆ ಕಾಗದದ ಮೇಲೆ ಲೆಕ್ಕ ಬರೆದುಕೊಟ್ಟು, ಸಂಜೆ ಪಡಸಾಲೆಯಲ್ಲಿ ಕುಳ್ಳಿರಿಸಿ ಹೇಳಿಕೊಟ್ಟೆ. ಅವಳು ಹತ್ತನೆಯ ತರಗತಿಯನ್ನು ದಾಟಿದಳು. ಅಣ್ಣ ಶಾಲೆಗೆ ಮರಳಲಿಲ್ಲ. ಈಗಲೂ ದಾರಿಯಲ್ಲಿ ಕಂಡರೆ ಕೈಯ ಎಣ್ಣೆ ಒರೆಸಿಕೊಂಡು ನಮಸ್ಕಾರ ಮಾಡುತ್ತಾನೆ.

ಉಪಕರಣವನ್ನು ಯಾರ ಅಗತ್ಯದಿಂದ ಅಳೆಯಬೇಕು ಎಂಬುದಕ್ಕೆ ಲೂಯಿ ಬ್ರೈಲ್ ಅವರ ಬಾಳನ್ನು ನೆನೆಯುವುದು ಒಳ್ಳೆಯದು. 1809ರಲ್ಲಿ ಫ್ರಾನ್ಸಿನ ಚರ್ಮಕಾರರೊಬ್ಬರ ಮಗನಾಗಿ ಹುಟ್ಟಿ, ತಂದೆಯ ಕೆಲಸದ ಚೂಪು ಸಲಕರಣೆ ತಗುಲಿ ಎಳವೆಯಲ್ಲಿಯೇ ಕಣ್ಣು ಕಳೆದುಕೊಂಡ ಈ ಬಾಲಕ, ಮುಂದೆ ಪ್ಯಾರಿಸಿನ ದೇವಾಲಯಗಳಲ್ಲಿ ಆರ್ಗನ್ ವಾದಕನಾದನು. ಸೇನಾಧಿಕಾರಿಯೊಬ್ಬರು ರೂಪಿಸಿದ್ದ ಹನ್ನೆರಡು ಚುಕ್ಕಿಗಳ ಲಿಪಿ ಬೆರಳ ತುದಿಗೆ ಒಮ್ಮೆಗೇ ಸಿಕ್ಕದೆಂದು ಕಂಡು, ತನ್ನ ಹದಿನೈದನೆಯ ವಯಸ್ಸಿನಲ್ಲಿ ಅದನ್ನು ಆರಕ್ಕೆ ಇಳಿಸಿದನು. ಓದಬೇಕಾಗಿದ್ದವನೇ ಲಿಪಿಯನ್ನು ತಿದ್ದಿದ್ದರಿಂದ ಅದು ಇಂದಿಗೂ ಬಾಳಿದೆ. ಕನ್ನಡವನ್ನೂ ಇಂದು ಅದೇ ಆರು ಚುಕ್ಕಿಗಳಲ್ಲಿ ಓದುತ್ತಾರೆ.

ನಮ್ಮ ಐದನೆಯ ತರಗತಿಯಲ್ಲಿ ದೃಷ್ಟಿ ಮಂದವಾದ ಬಾಲಕಿಯೊಬ್ಬಳಿದ್ದಾಳೆ. ಗೋಡೆಯ ಫಲಕ ಎಷ್ಟು ದೊಡ್ಡದಾದರೂ ಅವಳಿಗೆ ಮಸುಕೇ. ಆದರೆ ಎನ್.ವಿ.ಡಿ.ಎ. ಎಂಬ ತಂತ್ರಾಂಶವಿದೆ, ಆಸ್ಟ್ರೇಲಿಯದ ಅಂಧ ತರುಣರೊಬ್ಬರು 2006ರಲ್ಲಿ ಆರಂಭಿಸಿದ್ದು, ಧರ್ಮಾರ್ಥವಾಗಿ ದೊರೆಯುತ್ತದೆ. ಕಂಪ್ಯೂಟರಿನ ಮೇಲಿರುವ ಕನ್ನಡವನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತದೆ. ಉಚ್ಚಾರಣೆ ಸ್ವಲ್ಪ ಒರಟು, ಹೊಸದಾಗಿ ಕನ್ನಡ ಕಲಿತ ವಿದೇಶೀ ಪಾದ್ರಿಯಂತೆ ಎನ್ನಿ. ಒಂದೇ ಷರತ್ತು: ಪ್ರಶ್ನೆಪತ್ರಿಕೆಯನ್ನು ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿರಬೇಕು. ಹಳೆಯ ಪದ್ಧತಿಯ ಅಕ್ಷರಶೈಲಿಯಲ್ಲಿ ಮಾಡಿದ್ದರೆ ಅದಕ್ಕೆ ಕೇಳಿಸುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸರಮಾಲೆ. ನಮ್ಮ ಕಚೇರಿಯಲ್ಲಿ ಇನ್ನೂ ಹಳೆಯ ಪದ್ಧತಿಯೇ ನಡೆದಿದೆ. ಇದನ್ನು ಬದಲಿಸಲು ನಿಧಿಯಿಂದ ಒಂದು ರೂಪಾಯಿಯೂ ಬೇಡ. ಗುಮಾಸ್ತರು ಮನಸ್ಸು ಮಾಡಿದರೆ ಸೋಮವಾರದಿಂದಲೇ ಆಗುತ್ತದೆ.

ನನ್ನ ಬಿನ್ನಹ ಇಷ್ಟು. ಏಳು ಫಲಕಗಳ ಬದಲು ಎರಡನ್ನು ಕೊಳ್ಳಿರಿ; ವಿಜ್ಞಾನಕ್ಕೂ ಭೂಗೋಳಕ್ಕೂ ತರಗತಿಗಳು ಸರದಿಯಂತೆ ಬಂದು ನೋಡಲಿ. ಉಳಿದ ಹಣದಲ್ಲಿ, ಈಗ ಮುರಿದ ಬೆಂಚುಗಳನ್ನು ತುಂಬಿರುವ ಮೂಲೆಯ ಕೋಣೆಯನ್ನು ಅಣಿಗೊಳಿಸಿ, ನಾಲ್ಕು ಕಂಪ್ಯೂಟರುಗಳನ್ನಿಟ್ಟು, ಒಂದರಲ್ಲಿ ಆ ಓದುವ ತಂತ್ರಾಂಶವನ್ನು ಹಾಕಿಸಿ, ಸಂಜೆ ಐದರಿಂದ ಏಳೂವರೆಯವರೆಗೆ ತೆರೆದಿಡಿರಿ. ಅಲ್ಲಿ ಕುಳಿತು ಮಕ್ಕಳ ಪ್ರಶ್ನೆಗಳಿಗೆ ಕಿವಿಗೊಡಲು ನಮ್ಮಲ್ಲಿಯೇ ಬಿ.ಎಡ್. ಮುಗಿಸಿ ಕೆಲಸವಿಲ್ಲದೆ ಕುಳಿತಿರುವ ತರುಣ ತರುಣಿಯರಲ್ಲಿ ಒಬ್ಬರನ್ನು ಗೌರವ ಸಂಭಾವನೆ ಕೊಟ್ಟು ನೇಮಿಸಿರಿ. ಸಮಿತಿಯ ಲೆಕ್ಕಪತ್ರದಲ್ಲಿ ಫಲಕಕ್ಕೆ ಸಾಲಿದೆ, ತಂತಿಗೆ ಸಾಲಿದೆ, ಬಣ್ಣಕ್ಕೂ ಸಾಲಿದೆ. ಈ ಒಬ್ಬರಿಗೆ ಇನ್ನೂ ಸಾಲಿಲ್ಲ. ಅವರು ನೇಮಕವಾಗುವತನಕ ಮಂಗಳವಾರ ಮತ್ತು ಶುಕ್ರವಾರದ ಸಂಜೆಗಳನ್ನು ನನ್ನ ಹೆಸರಿಗೆ ಬರೆದುಕೊಳ್ಳಬೇಕೆಂದು ಮುಖ್ಯೋಪಾಧ್ಯಾಯಿನಿಯವರಲ್ಲಿ ಕೇಳಿಕೊಂಡಿದ್ದೇನೆ. ಕೋಣೆಯ ಬೀಗದ ಕೈ ಇನ್ನೂ ಸಿಕ್ಕಿಲ್ಲವಂತೆ. ಹುಡುಕಿಸುವ ಕೃಪೆ ಮಾಡಬೇಕು.