ಕೈ ನಮ್ಮದು, ಕಾಲು ನಮ್ಮದು
(ಸಾಕ್ಷರತಾ ಕೇಂದ್ರದಲ್ಲಿ ಆಡಿದ ಮಾತು)





ನಾವು ಊರು ಗುಡಿಸುವವರು. ಕಸದ ಗಾಡಿಯ ಹಿಂದೆ ನಡೆಯುವವರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ಊರಲ್ಲೂ ನಮ್ಮಂಥವರು ಇದ್ದೇವೆ. ಕೋಳಿ ಕೂಗುವ ಹೊತ್ತಿಗೆ ಏಳುತ್ತೇವೆ. ನೀವು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವಾಗ ನಾವು ನಿಮ್ಮ ಬೀದಿಯಲ್ಲಿರುತ್ತೇವೆ.

ನಾವೂ ನಿಮ್ಮ ಹಾಗೇ ದೊಡ್ಡವರಾದ ಮೇಲೆ ಅಕ್ಷರ ಕಲಿತವರು. ಇವತ್ತು ನಮ್ಮ ಕೆಲಸದ ಮಾತು ಆಡೋಣ. ನಿಮ್ಮಲ್ಲಿ ಈ ಕೆಲಸ ಮಾಡುವವರಿದ್ದೀರಿ. ಮಾಡದವರೂ ಇದ್ದೀರಿ. ಇಬ್ಬರಿಗೂ ಈ ಮಾತು ಬೇಕು.

ಹೆಬ್ಬೆಟ್ಟಿನ ಕತೆ

ನಾವು ಕೆಲಸ ಮಾಡುತ್ತಿದ್ದ ಒಂದು ಕಡೆ ಒಂದು ದಪ್ಪ ಪುಸ್ತಕ ಇತ್ತು. ಮೇಸ್ತ್ರಿ ಅದನ್ನು ತಂದು, "ಒತ್ರಮ್ಮ, ಬೇಗ ಒತ್ರಿ" ಅನ್ನುತ್ತಿದ್ದರು. ಅದು ಹಾಜರಿ ಪುಸ್ತಕ ಅಂದುಕೊಂಡು ನಾವು ಹೆಬ್ಬೆಟ್ಟು ಒತ್ತುತ್ತಿದ್ದೆವು.

ಒಂದು ದಿನ ನಮ್ಮ ಜೊತೆಯ ಅಕ್ಕನ ಅಂಗೈಗೆ ಒಡೆದ ಟ್ಯೂಬ್ ಲೈಟ್ ಗಾಜು ಹೊಕ್ಕಿತು. ಆಕೆಯ ಕೈಗೆ ಬರೀ ಪ್ಲಾಸ್ಟಿಕ್ ಕವರು ಸುತ್ತಿತ್ತು. ಕೈ ಬಾತುಕೊಂಡಿತು. ಹನ್ನೆರಡು ದಿನ ಕೆಲಸಕ್ಕೆ ಬರಲಾಗಲಿಲ್ಲ. ಹನ್ನೆರಡು ದಿನದ ಕೂಲಿ ಹೋಯಿತು.

ನಾವು ಕೇಳಲು ಹೋದೆವು. "ಗ್ಲೌಸು ಕೊಟ್ಟಿದೀವಲ್ಲಮ್ಮ. ನೀವೇ ಹಾಕ್ಕೊಂಡಿಲ್ಲ. ಇಲ್ನೋಡಿ, ನಿಮ್ದೇ ಹೆಬ್ಬೆಟ್ಟು" ಅಂದರು.

ನಮ್ಮಲ್ಲಿ ಒಬ್ಬ ತಂಗಿ ಆಗ ತಾನೇ ಓದಲು ಕಲಿತಿದ್ದಳು. ಪುಸ್ತಕದ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. "ಕೈಗವಸು 2 ಜೊತೆ. ಬೂಟು 1 ಜೊತೆ. ತಲುಪಿದೆ." ಅದರ ಮುಂದೆ ನಮ್ಮ ಹೆಬ್ಬೆಟ್ಟುಗಳು ಸಾಲಾಗಿ ಇದ್ದವು. ನಮಗೆ ಏನೂ ತಲುಪಿರಲಿಲ್ಲ.

ಅವತ್ತಿನಿಂದ ನಾವು ಓದದೆ ಒತ್ತುವುದಿಲ್ಲ. ಮುಂದಿನ ತಿಂಗಳು, "ಮೊದಲು ಸಾಮಾನು ಕೊಡಿ ಸಾರ್, ಆಮೇಲೆ ಸಹಿ" ಅಂದೆವು. ಒಬ್ಬರೇ ಅಲ್ಲ, ಎಲ್ಲರೂ ಸೇರಿ ಅಂದೆವು. ಎರಡು ವಾರ ತಡವಾಯಿತು. ಆದರೆ ಸಾಮಾನು ಬಂತು.

ಇದು ದಾನ ಅಲ್ಲ

ಕೈಗವಸು, ಬೂಟು ಯಾರೋ ಕೊಡುವ ದಾನ ಅಲ್ಲ. 2016ರಲ್ಲಿ ಬಂದ ಘನತ್ಯಾಜ್ಯ ನಿಯಮದಲ್ಲೇ ಇದನ್ನು ಬರೆದರು. ಕಸದ ಕೆಲಸದವರಿಗೆ ಸಮವಸ್ತ್ರ, ಹೊಳೆಯುವ ಜಾಕೆಟ್ಟು, ಕೈಗವಸು, ಮಳೆಕೋಟು, ಸರಿಯಾದ ಪಾದರಕ್ಷೆ, ಮಾಸ್ಕು ಕೊಡಿಸಬೇಕು. ಕೆಲಸ ಗುತ್ತಿಗೆಗೆ ಕೊಟ್ಟಿದ್ದರೂ ಇದನ್ನು ನೋಡಿಕೊಳ್ಳುವ ಹೊಣೆ ಊರಿನ ಆಡಳಿತದ್ದು.

ಇಷ್ಟು ದೂರ ಬರಲು ಬಹಳ ಕಾಲ ಹಿಡಿಯಿತು. ಹಿಂದೆ ನಮ್ಮ ಹಿರಿಯರು ತಲೆ ಮೇಲೆ ಮಲ ಹೊರುತ್ತಿದ್ದರು. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ಕರ್ನಾಟಕದಲ್ಲಿ ಅದನ್ನು ನಿಷೇಧಿಸಿದರು. ಐ.ಪಿ.ಡಿ. ಸಾಲಪ್ಪನವರ ಸಮಿತಿ ನಮ್ಮವರ ಬದುಕನ್ನು ನೋಡಿ 1976ರಲ್ಲಿ ವರದಿ ಕೊಟ್ಟಿತು. 500 ಜನರಿಗೆ ಒಬ್ಬ ಪೌರಕಾರ್ಮಿಕರು ಬೇಕು ಎಂದು ಹೇಳಿತು.

ಈ ಲೆಕ್ಕ ಯಾಕೆ ಮುಖ್ಯ? ಜನ ಕಡಿಮೆ ಇದ್ದರೆ ಒಬ್ಬರ ಮೇಲೆ ಇಬ್ಬರ ಹೊರೆ ಬೀಳುತ್ತೆ. ಅವಸರ ಆಗುತ್ತೆ. ಅವಸರದಲ್ಲೇ ಗಾಯ ಆಗುವುದು.

ಕಸದೊಳಗೆ ಏನೈತೆ?

ಕಸದ ಚೀಲದ ಒಳಗೆ ಏನಿದೆ ಅಂತ ಹೊರಗಿನಿಂದ ಕಾಣುವುದಿಲ್ಲ. ಬ್ಲೇಡು ಇರುತ್ತೆ. ಸೂಜಿ ಇರುತ್ತೆ. ಒಡೆದ ಬಾಟಲಿ, ಆಸಿಡ್ಡು, ಹಳೇ ಬ್ಯಾಟರಿ ಇರುತ್ತವೆ. ಆದ್ದರಿಂದ ಚೀಲದೊಳಗೆ ಕೈ ಹಾಕಬೇಡಿ. ಕಾಲಿನಿಂದ ತುಳಿದು ಅದುಮಬೇಡಿ. ಚೀಲವನ್ನು ಮೈಗೆ ತಾಗಿಸಿಕೊಂಡು ಹೊರಬೇಡಿ.

ಬಟ್ಟೆಯ ಕೈಗವಸು ನೀರು ಹೀರುತ್ತೆ. ದಪ್ಪ ರಬ್ಬರಿನದು ಕೇಳಿ. ಹರಿದರೆ ಬೇರೆ ಕೇಳಿ. ಒದ್ದೆಯಾದ ಮಾಸ್ಕಿನಿಂದ ಉಪಯೋಗ ಇಲ್ಲ, ಬದಲಾಯಿಸಿ.

ಮಳೆಗಾಲದಲ್ಲಿ ಕಸ ನೀರು ಕುಡಿದು ಭಾರ ಆಗುತ್ತೆ. ಅರಕಲಗೂಡಿನ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು. ಚನ್ನರಾಯಪಟ್ಟಣದಲ್ಲಿ ಎಳನೀರು ಬುರುಡೆಯ ಭಾರ ಗೊತ್ತು. ಸೊಂಟ ಬಗ್ಗಿಸಿ ಎತ್ತಬೇಡಿ. ಮಂಡಿ ಮಡಿಸಿ ಕೂತು, ಹೊರೆಯನ್ನು ಹತ್ತಿರ ಹಿಡಿದು ಏಳಿ. ದೊಡ್ಡ ಬುಟ್ಟಿಗೆ ಇಬ್ಬರು ಕೈ ಹಾಕಿ. ಬಸುರಿ ಹೆಂಗಸಿಗೆ ಭಾರದ ಕೆಲಸ ಬೇಡವೇ ಬೇಡ.

ಕೊಚ್ಚೆ ನೀರಿನಲ್ಲಿ ಇಲಿಯ ಮೂತ್ರ ಸೇರಿರುತ್ತೆ. ಕಾಲಿನ ಸಣ್ಣ ಗಾಯದಿಂದ ಇಲಿಜ್ವರ ಒಳಗೆ ಬರಬಹುದು. ಅದಕ್ಕೇ ಬೂಟು ಬೇಕು. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈಕಾಲು ತೊಳೆಯಿರಿ. ತೊಳೆಯದೆ ತಿಂಡಿ ತಿನ್ನಬೇಡಿ, ಎಲೆ ಅಡಿಕೆ ಹಾಕಬೇಡಿ. ಕೆಲಸದ ಸೀರೆಯಲ್ಲಿ ಮಗು ಎತ್ತಬೇಡಿ.

ಕಸಕ್ಕೆ ಬೆಂಕಿ ಹಾಕಬೇಡಿ. ಪ್ಲಾಸ್ಟಿಕ್ ಹೊಗೆ ಎದೆಗೆ ವಿಷ.

ಗಾಡಿಯ ಹತ್ತಿರ

ಕಸದ ಗಾಡಿ ನಮಗೆ ಅನ್ನ ಕೊಡುತ್ತೆ. ಎಚ್ಚರ ತಪ್ಪಿದರೆ ಪ್ರಾಣವನ್ನೂ ತೆಗೆಯುತ್ತೆ.

ಓಡುವ ಗಾಡಿಯ ಹಿಂದೆ ನೇತಾಡಬೇಡಿ. ಕಸದ ಮೇಲೆ ಕೂರಬೇಡಿ. ಗಾಡಿ ಪೂರ್ತಿ ನಿಂತ ಮೇಲೆ ಹತ್ತಿ, ನಿಂತ ಮೇಲೆ ಇಳಿಯಿರಿ. ಗಾಡಿ ಹಿಂದಕ್ಕೆ ಬರುವಾಗ ಡ್ರೈವರಿಗೆ ಕಾಣುವ ಹಾಗೆ ಪಕ್ಕದಲ್ಲಿ ನಿಲ್ಲಿ. ಕಸ ಸುರಿಯಲು ತೊಟ್ಟಿ ಮೇಲೆ ಎದ್ದಾಗ ಅದರ ಕೆಳಗೆ ಹೋಗಬೇಡಿ. ಸೆರಗು ಬಿಗಿಯಾಗಿ ಸಿಕ್ಕಿಸಿಕೊಳ್ಳಿ.

ಚಳಿಗಾಲದಲ್ಲಿ ಬೆಳಗಿನ ಜಾವ ಮಂಜು ಕವಿದಿರುತ್ತೆ. ದೊಡ್ಡ ರಸ್ತೆಯಲ್ಲಿ ಲಾರಿ, ಬಸ್ಸು ಓಡುತ್ತಿರುತ್ತವೆ. ಹಾಸನಾಂಬೆಯ ಗುಡಿ ಬಾಗಿಲು ತೆರೆದ ದಿನಗಳಲ್ಲಂತೂ ಹಾಸನದಲ್ಲಿ ಜನವೋ ಜನ, ಗಾಡಿಯೋ ಗಾಡಿ. ಆಗ ಹೊಳೆಯುವ ಜಾಕೆಟ್ಟು ಇಲ್ಲದೆ ರಸ್ತೆಗೆ ಇಳಿಯಬೇಡಿ.

ಗುಂಡಿಗೆ ಇಳಿಯಬೇಡಿ

ಈ ಮಾತನ್ನು ಮನೆಯ ಗಂಡಸರಿಗೂ ಓದಿ ಹೇಳಿ.

ಮುಚ್ಚಿದ ಕಕ್ಕಸು ಗುಂಡಿಯಲ್ಲಿ ವಿಷಗಾಳಿ ತುಂಬಿರುತ್ತೆ. ಅದು ಕಣ್ಣಿಗೆ ಕಾಣುವುದಿಲ್ಲ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತೆ. ವಿಷ ಹೆಚ್ಚಾದರೆ ಮೂಗಿಗೆ ಆ ವಾಸನೆಯೂ ಗೊತ್ತಾಗುವುದಿಲ್ಲ. ಇಳಿದವನು ಕುಸಿದು ಬೀಳುತ್ತಾನೆ. ಎತ್ತಲು ಹೋದವನೂ ಬೀಳುತ್ತಾನೆ. ಬೆಂಕಿಕಡ್ಡಿ ಗೀರಿ ನೋಡಿದರೆ ಹತ್ತಿಕೊಳ್ಳಬಹುದು.

ರಕ್ಷಣೆಯ ಸಾಮಾನಿಲ್ಲದೆ ಯಾರನ್ನೂ ಗುಂಡಿಗೆ, ಚರಂಡಿಗೆ ಇಳಿಸಬಾರದು. 2013ರ ಕಾನೂನಿನಲ್ಲಿ ಇದು ಅಪರಾಧ. ಚರಂಡಿಯಲ್ಲಿ ಸತ್ತವರ ಮನೆಯವರಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಎಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿತು. ಆದರೆ ಅಕ್ಕಾ, ಎಷ್ಟು ಲಕ್ಷ ಕೊಟ್ಟರೂ ಹೋದ ಜೀವ ಬರುತ್ತಾ? "ಐನೂರು ಜಾಸ್ತಿ ಕೊಡ್ತೀನಿ ಇಳಿ" ಅಂದರೆ, "ಮಿಷನ್ ಗಾಡಿ ಕರೆಸಿ" ಅನ್ನಬೇಕು.

ಗಾಯವಾದರೆ

ಗಾಯವನ್ನು ಹರಿಯುವ ನೀರು, ಸೋಪಿನಲ್ಲಿ ತೊಳೆಯಿರಿ. ಅರಿಶಿನ ಮೆತ್ತಿ ಸುಮ್ಮನಿರಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಧನುರ್ವಾಯುವಿನ ಇಂಜೆಕ್ಷನ್ ಬೇಕಾ ಅಂತ ಕೇಳಿ. ಸೂಜಿ ಚುಚ್ಚಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ. ನಾಯಿ ಕಚ್ಚಿದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಿ. ಹೇಳಿದ ದಿನಗಳಂದು ಎಲ್ಲ ಇಂಜೆಕ್ಷನ್ ಹಾಕಿಸಿ. ಕಾಮಾಲೆ ತರುವ ಹೆಪಟೈಟಿಸ್ ಬಿ ರೋಗಕ್ಕೂ ಲಸಿಕೆ ಇದೆ. ಗಾಯ ಆಗುವ ಮೊದಲೇ ಹಾಕಿಸಿಕೊಳ್ಳಿ.

ಆಮೇಲೆ ಒಂದು ಹಾಳೆ ತಗೊಳ್ಳಿ. ನಾಲ್ಕು ಸಾಲು ಬರೆಯಿರಿ. ಯಾವ ದಿನ? ಎಷ್ಟು ಗಂಟೆ? ಯಾವ ಬೀದಿ? ಯಾರು ನೋಡಿದರು? ಕಾಗುಣಿತ ತಪ್ಪಿದರೂ ಚಿಂತೆ ಇಲ್ಲ. ಕೆಲಸದಲ್ಲಿ ಆದ ಗಾಯಕ್ಕೆ ಪರಿಹಾರ ಕೇಳುವ ಹಕ್ಕು ಇದೆ. ಆ ಹಾಳೆಯೇ ನಿಮ್ಮ ಸಾಕ್ಷಿ. ಸಂಬಳದಲ್ಲಿ ಇ.ಎಸ್.ಐ. ಅಂತ ಹಣ ಹಿಡಿದಿದ್ದರೆ ನಿಮ್ಮ ನಂಬರು, ಕಾರ್ಡು ಕೇಳಿ ಪಡೆಯಿರಿ.

ಮನೆಯಲ್ಲಿರುವ ಅಕ್ಕಂದಿರಿಗೆ

ನೀವು ಎರಡು ಬುಟ್ಟಿ ಇಡಿ. ಹಸಿ ಕಸ ಒಂದರಲ್ಲಿ, ಒಣ ಕಸ ಇನ್ನೊಂದರಲ್ಲಿ. ಒಡೆದ ಗಾಜು, ಬ್ಲೇಡು, ಸೂಜಿಯನ್ನು ದಪ್ಪ ರಟ್ಟಿನಲ್ಲಿ ಸುತ್ತಿ, ಮೇಲೆ 'ಗಾಜು' ಅಂತ ಬರೆದು ಬೇರೆ ಕೊಡಿ. ನಿಮಗೆ ಬರೆಯಲು ಬರುತ್ತೆ, ನಮಗೆ ಓದಲು ಬರುತ್ತೆ. ಮುಟ್ಟಿನ ಪ್ಯಾಡು, ಮಗುವಿನ ಡೈಪರು ಕಾಗದದಲ್ಲಿ ಸುತ್ತಿ ಬೇರೆಯಾಗಿ ಕೊಡಿ. ನೀವು ಬರೆದ ಒಂದು ಪದದಿಂದ ಒಬ್ಬಳ ಕೈ ಉಳಿಯುತ್ತೆ.

ಬಿಸಿಲಲ್ಲಿ ಒಂದು ಚೊಂಬು ನೀರು ಕೊಡಿ. "ಏಯ್ ಕಸ" ಅಂತ ಕರೆಯಬೇಡಿ. ಕಸ ನಿಮ್ಮದು. ನಾವು ಅದನ್ನು ತೆಗೆಯುವವರು. ಪ್ರತಿ ವರ್ಷ ಸೆಪ್ಟೆಂಬರ್ 23 ಪೌರಕಾರ್ಮಿಕರ ದಿನ. ಅವತ್ತು ಹಾರ ಹಾಕುತ್ತಾರೆ. ಸಂತೋಷ. ಆದರೆ ಕೈಗೆ ಕೈಗವಸು ವರ್ಷವೆಲ್ಲ ಬೇಕು.

ನಾಳೆ ಯಾರಾದರೂ ಪುಸ್ತಕ ತಂದು "ಒತ್ರಮ್ಮ" ಅಂದರೆ ಏನು ಮಾಡುತ್ತೀರಿ? ಮೊದಲು ಓದುತ್ತೀರಿ. ಆಮೇಲೆ ಸಹಿ ಮಾಡುತ್ತೀರಿ. ಇಷ್ಟು ಆದರೆ ನಾವು ಬಂದು ಮಾತಾಡಿದ್ದು ಸಾರ್ಥಕ.



ಕೂಡಿ ಮಾತಾಡೋಣ

1. ಹೆಬ್ಬೆಟ್ಟು ಒತ್ತಿದ್ದರಿಂದ ಆ ಅಕ್ಕನಿಗೆ ಏನು ನಷ್ಟ ಆಯಿತು?
2. ಗುಂಡಿಗೆ ಬಿದ್ದವರನ್ನು ಎತ್ತಲು ಒಳಗೆ ಇಳಿಯಬಾರದು ಯಾಕೆ?
3. ನಿಮ್ಮ ಮನೆಯ ಒಡೆದ ಗಾಜು ಈವರೆಗೆ ಎಲ್ಲಿ ಹೋಗುತ್ತಿತ್ತು?