ಕಡಲ ನೀರು ಮದ್ದಾದ ಊರು

ವಿಹಾರದ ಊರುಗಳಿಗೆ ಚರಿತ್ರೆ ಇರುವುದುಂಟೆ ಎಂದು ನಾನು ಬಹುಕಾಲ ಸಂದೇಹಪಟ್ಟಿದ್ದೆ. ಕೋಟೆಯ ಊರಿಗೆ ಕದನಗಳಿವೆ, ದೇಗುಲದ ಊರಿಗೆ ಶಾಸನಗಳಿವೆ. ನಾಲ್ಕು ದಿನ ಗಾಳಿ ಸೇವಿಸಿ ಹೊರಟುಹೋಗುವವರ ಊರು ಏನನ್ನು ತಾನೆ ನೆನಪಿಟ್ಟುಕೊಂಡೀತು? ಇಂಗ್ಲೆಂಡಿನ ದಕ್ಷಿಣ ತೀರದ ಬ್ರೈಟನ್ ನಗರವನ್ನು ಕಂಡು ಬಂದ ಮೇಲೆ ಆ ಸಂದೇಹ ನನ್ನನ್ನು ಬಿಟ್ಟಿತು.

ಹದಿನೆಂಟನೆಯ ಶತಮಾನದ ಆದಿಯಲ್ಲಿ ಬ್ರೈಟನ್ ಮೀನುಗಾರರ ಬಡ ಊರು. 1703 ಮತ್ತು 1705ರ ಬಿರುಗಾಳಿಗಳು ಅದನ್ನು ಜರ್ಜರಗೊಳಿಸಿದ್ದುವು. ಅಲ್ಲಿನವರಿಗೆ ಕಡಲೆಂದರೆ ಅನ್ನ, ಕಡಲೆಂದರೆ ಅಂಜಿಕೆ. 1750ರಲ್ಲಿ ರಿಚರ್ಡ್ ರಸೆಲ್ ಎಂಬ ವೈದ್ಯ ಗ್ರಂಥಿರೋಗಗಳಿಗೆ ಸಮುದ್ರದ ನೀರೇ ಮದ್ದೆಂದು ಲ್ಯಾಟಿನ್ ಭಾಷೆಯಲ್ಲಿ ಪ್ರಬಂಧ ಬರೆದ. ಆ ನೀರಿನಲ್ಲಿ ಮೀಯುವುದಷ್ಟೇ ಸಾಲದು, ಕುಡಿಯಲೂ ಬೇಕೆಂಬುದು ಅವನ ಮತ. ಸಿರಿವಂತ ರೋಗಿಗಳು ಬಂದರು. 1783ರಲ್ಲಿ ಯುವರಾಜ ಜಾರ್ಜ್ ಬಂದ. ಅರಸುಮಗ ಬಂದೆಡೆಗೆ ರೋಗವಿಲ್ಲದವರೂ ಬರುವುದು ಲೋಕರೂಢಿಯಷ್ಟೆ! 1841ರಲ್ಲಿ ಲಂಡನ್ನಿನಿಂದ ರೈಲು ಬಂದಿತು. 1801ರಲ್ಲಿ ಸುಮಾರು 7,000 ಜನರಿದ್ದ ಊರಿನಲ್ಲಿ 1851ರ ವೇಳೆಗೆ 65,000 ಜನ ನೆಲಸಿದ್ದರು.

ಯುವರಾಜನಿಗಾಗಿ ಜಾನ್ ನ್ಯಾಶ್ 1815ರಿಂದ ಏಳೆಂಟು ವರ್ಷ ಶ್ರಮಿಸಿ ರೂಪಿಸಿದ ಅರಮನೆಯೇ ರಾಯಲ್ ಪೆವಿಲಿಯನ್. ಹೊರಗೆ ಮೊಗಲರ ಗುಮ್ಮಟಗಳು, ಮಿನಾರುಗಳು. ಒಳಗೆ ಚೀನಾ ದೇಶದ ಅಲಂಕಾರ. ನ್ಯಾಶ್ ಭಾರತವನ್ನು ಕಂಡವನಲ್ಲ. ಆ ಅರಮನೆಯೆದುರು ನಿಂತಾಗ, ನಾಟಕ ಕಂಪನಿಯ ಪರದೆಯೊಂದು ಕಲ್ಲಾಗಿ ನಿಂತಿದೆಯೆನ್ನಿಸಿ ನನಗೆ ನಗು ಬಂದಿತು.

ಆದರೆ ಆ ಕಾಲದಲ್ಲಿಯೇ ನಿಜವಾದ ಭಾರತೀಯನೊಬ್ಬ ಅಲ್ಲಿದ್ದ. 1759ರಲ್ಲಿ ಪಾಟ್ನಾದಲ್ಲಿ ಹುಟ್ಟಿದ ದೀನ್ ಮಹಮ್ಮದ್, ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿದ ಮೊದಲ ಭಾರತೀಯ. ಅವನ ಪ್ರವಾಸಕಥನ ಬಂದದ್ದು 1794ರಲ್ಲಿ. ಬ್ರೈಟನ್ನಿನಲ್ಲಿ ಅವನು ಸ್ನಾನಗೃಹವೊಂದನ್ನು ತೆರೆದು ಹಬೆಸ್ನಾನ ಮಾಡಿಸಿ ಮೈ ನೀವುತ್ತಿದ್ದ. ‘ಶಾಂಪೂ’ ಎಂಬ ಮಾತಿಗೆ ಆಗ ಇದ್ದದ್ದು ಈ ಮೈ ನೀವುವ ಅರ್ಥವೇ. ಇಬ್ಬರು ದೊರೆಗಳಿಗೆ ಅವನು ಆ ಉಪಚಾರ ಮಾಡಿದ. ಅಭ್ಯಂಜನದ ದಿನ ಅಜ್ಜಿಯ ಕೈ ನನ್ನ ನೆತ್ತಿಯ ಮೇಲೆ ಆಡಿದ ನೆನಪು ಅಲ್ಲಿ ಸುಳಿಯಿತು. 1851ರಲ್ಲಿ ಮಹಮ್ಮದ್ ಆ ಊರಿನಲ್ಲಿಯೇ ತೀರಿಕೊಂಡ.

ಅಷ್ಟರಲ್ಲಿ ವಿಕ್ಟೋರಿಯಾ ರಾಣಿಗೆ ಅರಮನೆ ಬೇಡವಾಗಿ, 1850ರಲ್ಲಿ ಊರಿನವರೇ ಅದನ್ನು ಕೊಂಡುಕೊಂಡಿದ್ದರು. ಮೊದಲ ಮಹಾಯುದ್ಧ ಬಂದಿತು. ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡ ಭಾರತದ ಸೈನಿಕರಿಗಾಗಿ 1914ರ ಡಿಸೆಂಬರಿನಲ್ಲಿ ಅದೇ ಪೆವಿಲಿಯನ್ ಆಸ್ಪತ್ರೆಯಾಯಿತು. ದೊರೆಯು ತನ್ನ ಅರಮನೆಯನ್ನೇ ಬಿಟ್ಟುಕೊಟ್ಟನೆಂಬ ಪ್ರಚಾರ ನಡೆಯಿತು, ಕೊಟ್ಟದ್ದು ಊರು. ಮತಕ್ಕೂ ಜಾತಿಗೂ ತಕ್ಕಂತೆ ಬೇರೆಬೇರೆ ಅಡುಗೆಮನೆಗಳಾದುವು. ಉಪಚಾರಕ್ಕೇನೂ ಕೊರತೆಯಿರಲಿಲ್ಲ. ಆದರೆ ಸೈನಿಕರು ಹೊರಗೆ ತಿರುಗಾಡಲು ಕಟ್ಟುಪಾಡುಗಳಿದ್ದುವು. ಮನೆಗೆ ಬರೆದ ಕಾಗದಗಳನ್ನು ಅಧಿಕಾರಿಗಳು ಓದುತ್ತಿದ್ದರು. ನಾನು ನಕ್ಕಿದ್ದ ಆ ಗುಮ್ಮಟಗಳ ಕೆಳಗೆ ಪಂಜಾಬಿನ, ಗಢವಾಲದ ರೈತರ ಮಕ್ಕಳು ನರಳಿದ್ದರೆಂದು ತಿಳಿದಾಗ ನನ್ನ ನಗು ನನಗೇ ನಾಚಿಕೆ ತಂದಿತು.

ಬದುಕಿ ಉಳಿಯದ 53 ಮಂದಿ ಹಿಂದೂ ಮತ್ತು ಸಿಖ್ ಸೈನಿಕರನ್ನು ಊರ ಹೊರಗಿನ ಗುಡ್ಡದ ಮೇಲೆ ದಹನ ಮಾಡಿದರು. 1921ರಲ್ಲಿ ಅಲ್ಲಿ ಬಿಳಿಯ ಅಮೃತಶಿಲೆಯ ಛತ್ರಿಯೊಂದು ಎದ್ದಿತು. ಅವರ ಹೆಸರುಗಳನ್ನು ಕೊರೆದ ಕಲ್ಲು ಅದರ ಬಳಿ ಬಂದದ್ದಾದರೋ 2010ರಲ್ಲಿ.

ಹುಲ್ಲುಗುಡ್ಡವನ್ನೇರಿ ಆ ಛತ್ರಿಯ ನೆರಳಿನಲ್ಲಿ ನಾನು ಕುಳಿತೆ. ಸುತ್ತಲೂ ಕುರಿಗಳು ಮೇಯುತ್ತಿದ್ದುವು. ನಾಲ್ಕು ದಿನವಿದ್ದು ಹೋದವರನ್ನು ಊರು ಮರೆತರೆ ತಪ್ಪಿಲ್ಲ. ಗುಣವಾಗಲೆಂದು ಬಂದು ಅಲ್ಲಿಯೇ ಬೂದಿಯಾದವರ ಹೆಸರು ಹಿಡಿಯಲು ಊರಿಗೆ ಸುಮಾರು 95 ವರ್ಷ ಬೇಕಾಯಿತು. ಕಲ್ಲಿನ ಮುಂದೆ ನಿಂತು ಆ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿ, ಗುಡ್ಡವಿಳಿದು ಬಂದೆ.